ಸದ್ದಿಲ್ಲದ ಬ್ಯೂಕ್

ಎಲ್ಲದಕ್ಕೂ ಕಾರಣ ಬೆರಳು ದಪ್ಪದ ಒಂದು ಕೊಳವೆ. ಹಳೇ ಬ್ಯೂಕ್ ಕಾರಿನ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಆ ಕೊಳವೆಯನ್ನು ಆರ್ವಿಡ್ ಲುಂಡ್ ಸ್ವಂತ ಬುದ್ಧಿ ಓಡಿಸಿ, ಎಂಜಿನ್ನಿನ ಅತಿ ಬಿಸಿ ಜಾಗಕ್ಕೇ ಒರಗಿಸಿ ಕೂರಿಸಿದ್ದ. ಕೂರಿಸಿದ್ದು ಹಿಮ ಬೀಳುವ ಕಾಲದಲ್ಲಿ, ಹಾಗಾಗಿ ತಪ್ಪು ತಿಳಿಯಲಿಲ್ಲ. ಜುಲೈ ಬಂದದ್ದೇ ತಡ, ಕೊಳವೆಯೊಳಗಿನ ಪೆಟ್ರೋಲ್ ಒಲೆಯ ಮೇಲಿನ ಕಾಫಿ ನೀರಿನಂತೆ ಕುದಿಯತೊಡಗಿತು. ಕುದ್ದರೆ ಆವಿ, ಆವಿ ತುಂಬಿಕೊಂಡರೆ ಕಾರು ನಡುರಸ್ತೆಯಲ್ಲಿ ಎಮ್ಮೆಯಂತೆ ನಿಲ್ಲುತ್ತದೆ.

ಇದಕ್ಕೆ ಹಳೇ ಕಾರಿನವರ ಮನೆಮದ್ದು ಒಂದೇ: ಕೊಳವೆಯ ಉದ್ದಕ್ಕೂ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಕಚ್ಚಿಸುವುದು. ಮರ ಬಿಸಿ ಹೀರುತ್ತದೆ ಎನ್ನುವವರುಂಟು, ಹೀರುವುದಿಲ್ಲ ಎನ್ನುವವರೂ ಉಂಟು. ಕ್ಲಿಪ್ಪು ಹಾಕದೆ ಬಿಟ್ಟವರು ಮಾತ್ರ ಯಾರೂ ಇಲ್ಲ. ಶನಿವಾರ ಬೆಳಿಗ್ಗೆ ಆರ್ವಿಡ್‌ನ ಹೆಂಡತಿ ವೆರ್ನಾ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಹಿತ್ತಿಲಿಗೆ ಬಂದಾಗ ತಂತಿಯ ಮೇಲೆ ಒಂದೇ ಒಂದು ಕ್ಲಿಪ್ಪಿರಲಿಲ್ಲ.

ಅವಳು ನೆಟ್ಟಗೆ ಗ್ಯಾರೇಜಿಗೆ ಹೋದಳು. ಗಂಡನ ತಲೆ, ಭುಜ, ಅರ್ಧ ಹೊಟ್ಟೆ ನಲವತ್ತೆಂಟರ ಮಾಡೆಲ್ ಬ್ಯೂಕಿನ ಬಾನೆಟ್ಟಿನೊಳಗಿದ್ದವು.

"ಆರ್ವಿಡ್, ಕ್ಲಿಪ್ ಎಲ್ಲಿ?"

"ಯಾವ ಕ್ಲಿಪ್ಪು?" ಎಂದಿತು ಬಾನೆಟ್ಟು.

"ನನ್ನ ಕಾರು ಒಂಬತ್ತು ಚಳಿಗಾಲ ಹೊರಗೆ ಹಿಮದಲ್ಲಿ ನಿಂತಿದೆ. ದಿನಾ ಬೆಳಿಗ್ಗೆ ಸಲಿಕೇಲಿ ಅಗೆದು ತೆಗೀತೀನಿ, ಆಲೂಗಡ್ಡೆ ಅಗೆದ ಹಾಗೆ. ಈ ಮುದುಕಪ್ಪ ಬ್ಯೂಕ್ ಮಾತ್ರ ಒಳಗೆ ಬೆಚ್ಚಗೆ ಮಲಗಿರ್ತಾನೆ. ಅದೂ ಸಾಲದು ಅಂತ ಈಗ ನನ್ನ ಕ್ಲಿಪ್ಪೂ ಬೇಕಾಯ್ತಾ?"

"ಇವತ್ತು ಕಾರ್ ಶೋ ಇದೆ ವೆರ್ನಾ. ಇವತ್ತೊಂದಿನ."

ವೆರ್ನಾ ಬುಟ್ಟಿ ಕೆಳಗಿಟ್ಟಳು. ಅವಳು ಬುಟ್ಟಿ ಕೆಳಗಿಟ್ಟು ಮಾತಾಡಿದರೆ ಅದು ಕೋರ್ಟಿನ ತೀರ್ಪಿದ್ದಂತೆ.

"ಸರಿ. ನಾನು ಅಲ್ಲಿ ಮಾರೋ ಹಣ್ಣಿನ ಪೈ ತಗೊಂಡು ನನ್ನ ಕಾರಲ್ಲಿ ಮುಂದೆ ಹೋಗ್ತೀನಿ. ನಿನ್ನ ಮುದುಕಪ್ಪ ತನ್ನ ಕಾಲ ಮೇಲೆ ತಾನು ಶೋ ಮೈದಾನಕ್ಕೆ ಬಂದ್ರೆ ಗ್ಯಾರೇಜು ನಿನ್ನದೇ, ಸಾಯೋವರೆಗೂ ಬಾಯಿ ಬಿಡಲ್ಲ. ಬೇರೆ ಗಾಡಿ ಬೆನ್ನ ಮೇಲೆ ಬಂತೋ, ಸೋಮವಾರ ಇದು ಹೊರಗೆ, ನನ್ನದು ಒಳಗೆ."

ಅಯೋವಾದ ಹಿಮದಲ್ಲಿ ಒಂದು ಚಳಿಗಾಲ ಹೊರಗೆ ನಿಂತರೆ ಬ್ಯೂಕಿನ ಬಣ್ಣ, ಕ್ರೋಮ್, ಅವನ ಒಂಬತ್ತು ವರ್ಷದ ಭಾನುವಾರಗಳು ಎಲ್ಲಾ ತುಕ್ಕು. ಆರ್ವಿಡ್ ಒಪ್ಪಿಕೊಂಡ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಬ್ಯೂಕ್ ಮನೆಯಿಂದ ಮದುವೆ ದಿಬ್ಬಣದಂತೆ ಹೊರಟಿತು. ಊರು ದಾಟಿತು, ಚರ್ಚು ದಾಟಿತು. ಜೋಳದ ಹೊಲಗಳ ನಡುವೆ ಬಂದದ್ದೇ ಎರಡು ಸಲ ಕೆಮ್ಮಿತು, ಒಮ್ಮೆ ಬಿಕ್ಕಿತು, ನಿಂತುಬಿಟ್ಟಿತು.

ಸುಮ್ಮನೆ ಬಿಟ್ಟಿದ್ದರೆ ಸ್ವಲ್ಪ ಹೊತ್ತಿಗೆ ತಣ್ಣಗಾಗಿ ತಾನೇ ಹೊರಡುತ್ತಿತ್ತು. ಆದರೆ ಹಳೇ ಕಾರೊಂದು ಬಾನೆಟ್ ತೆರೆದು ದಾರಿಬದಿ ನಿಂತರೆ ಇನ್ನೊಂದು ಹಳೇ ಕಾರಿನವನು ಸುಮ್ಮನೆ ಹೋಗಲಾರ. ಬೆಲ್ಲ ಕಂಡ ಇರುವೆ ಬೇಕಾದರೂ ಹೋದೀತು. ಮೊದಲು ಫೋರ್ಡಿನಲ್ಲಿ ಬಂದವನು ನಿವೃತ್ತ ಬಸ್ ಡ್ರೈವರ್ ಗಸ್. ಅವನ ಹಿಂದೆಯೇ ಶೆವರ್ಲೆಯಲ್ಲಿ ಹೆರಾಲ್ಡ್, ಕೋಳಿ ಫಾರಮ್ಮಿನವನು.

"ಕರೆಂಟ್ ಹೋಗ್ತಿಲ್ಲ. ಪ್ಲಗ್ ವೈರು ನೋಡು," ಎಂದ ಗಸ್.

"ಪೆಟ್ರೋಲ್ ಬಿಸಿಯಾಗಿದೆ ಅಷ್ಟೇ, ತಣ್ಣಗಾದ್ರೆ ಸರಿಹೋಗುತ್ತೆ," ಎಂದ ಆರ್ವಿಡ್.

"ಇದು ನಿನ್ನ ಕಾರು, ಅದಕ್ಕೇ ನಿಂಗೆ ಗೊತ್ತಾಗಲ್ಲ," ಎಂದು ಗಸ್ ಆಗಲೇ ವೈರು ಕೀಳತೊಡಗಿದ. "ತಾಯಿಗೆ ತನ್ನ ಮಗು ಕಾಯಿಲೆ ಕಾಣ್ಸುತ್ತಾ?"

"ಅಯ್ಯೋ ಮಾರಾಯ, ಆ ವೈರು ಅಲ್ಲಿಗಲ್ಲ," ಎಂದು ಹೆರಾಲ್ಡ್ ಅದನ್ನು ಕಿತ್ತು ಬೇರೆಡೆ ಸಿಕ್ಕಿಸಿದ.

"ನಿನ್ನ ಕೋಳಿಗೆ ಹೇಳ್ಕೊಡು ಹೋಗು," ಎಂದು ಗಸ್ ಮತ್ತೆ ಕಿತ್ತ.

ಎಂಟು ವೈರು, ಇಬ್ಬರು ಪಂಡಿತರು. ಕೊನೆಗೆ ಎಲ್ಲವೂ ಕೂತವು, ಆದರೆ ಯಾವುದೂ ತನ್ನ ಮನೆಯಲ್ಲಿ ಕೂರಲಿಲ್ಲ. ಅಷ್ಟರಲ್ಲಿ ಶೋ ಶುರುವಾಗುವ ಹೊತ್ತಾಯಿತು. "ಈಗ ಸರಿಯಾಯ್ತು, ಬಾ," ಎಂದು ಕೈ ಒರೆಸಿಕೊಂಡು ಇಬ್ಬರೂ ಹೊರಟುಹೋದರು. ಆರ್ವಿಡ್ ಸ್ಟಾರ್ಟ್ ಮಾಡಿದ. ಬ್ಯೂಕ್ ಪಟಾಕಿಯಂತೆ ಒಂದು ಸಲ ಢಮ್ಮೆಂದಿತು. ಆಮೇಲೆ ಅದೂ ಇಲ್ಲ.

ಆಗ ಬಂದವನು ಪಕ್ಕದ ಮನೆಯ ಕ್ಲೀಟ್, ಟ್ರ್ಯಾಕ್ಟರ್ ಸಾಗಿಸುವ ತನ್ನ ಉದ್ದನೆಯ ಟ್ರೇಲರ್ ಎಳೆದುಕೊಂಡು.

"ಹತ್ಸು."

"ಆಗಲ್ಲ ಕಣೋ. ಬೆನ್ನ ಮೇಲೆ ಬಂದ್ರೆ ಗ್ಯಾರೇಜು ಹೋಯ್ತು," ಎಂದು ಆರ್ವಿಡ್ ಕಥೆಯೆಲ್ಲ ಹೇಳಿದ.

ಕ್ಲೀಟ್ ಗಲ್ಲ ಕೆರೆದುಕೊಂಡ. "ಮೈದಾನದ ಹಿಂದೆ ಗುಡ್ಡ ಇದೆಯಲ್ಲ? ಮೇಲೆ ಇಳಿಸ್ತೀನಿ. ನ್ಯೂಟ್ರಲ್‌ಗೆ ಹಾಕು, ಬ್ರೇಕ್ ಬಿಡು, ದೇವರಿದ್ದಾನೆ. ತನ್ನ ಚಕ್ರದ ಮೇಲೆ ತಾನೇ ಬಂತಾ ಇಲ್ವಾ?"

"ಇದು ಮೋಸ ಅಲ್ವೇನೋ?"

"ಮೋಸ ಅಲ್ಲ, ಇಳಿಜಾರು."

ಕ್ಲೀಟ್ ಗುಡ್ಡದ ಮರೆಯಲ್ಲಿ ಬ್ಯೂಕನ್ನು ಇಳಿಸಿ, ಯಾರದೋ ಟ್ರ್ಯಾಕ್ಟರ್ ತರಲು ಪಕ್ಕದ ಊರಿಗೆ ಹೊರಟುಹೋದ. ಆರ್ವಿಡ್ ಉಸಿರು ಬಿಗಿಹಿಡಿದು ಬ್ರೇಕ್ ಬಿಟ್ಟ.

ಮೈದಾನದಲ್ಲಿ ಆಗ ಕೊನೆಯ ಸ್ಪರ್ಧೆ ನಡೆಯುತ್ತಿತ್ತು. ಎಂಜಿನ್ ಓಡುತ್ತಿರುವಾಗ ಬಾನೆಟ್ಟಿನ ಮೇಲೆ ಐದು ಸೆಂಟಿನ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುವುದು. ಯಾರ ನಾಣ್ಯ ಹೆಚ್ಚು ಹೊತ್ತು ನಿಲ್ಲುತ್ತದೋ ಅವರ ಎಂಜಿನ್ನೇ ಊರಿಗೆಲ್ಲ ನಯವಾದದ್ದು. ಆವರೆಗೆ ನಾಣ್ಯಗಳು ಅಕ್ಕಿ ಕಾಳಿನಂತೆ ಉದುರಿದ್ದವು. ಒಂದು ಪ್ಯಾಕರ್ಡ್ ಕಾರಿನ ಮೇಲೆ ಮಾತ್ರ ಸೀನುವಷ್ಟು ಹೊತ್ತು ನಿಂತಿತ್ತು.

ಅಷ್ಟರಲ್ಲಿ ಬ್ಯೂಕ್ ಇಳಿದುಬಂತು. ಸದ್ದಿಲ್ಲ, ಹೊಗೆಯಿಲ್ಲ; ಕೆರೆಯ ಮೇಲೆ ಹಂಸ ಬಂದ ಹಾಗೆ ಬಂದು ತೀರ್ಪುಗಾರ ಹಾರ್ಟ್‌ವಿಗ್ ಅವರ ಮುಂದೆಯೇ ನಿಂತಿತು. ಬೇರೆಲ್ಲೂ ನಿಲ್ಲುವಂತಿರಲಿಲ್ಲ, ಇಳಿಜಾರು ಮುಗಿದದ್ದೇ ಅಲ್ಲಿ.

"ಎಂಜಿನ್ ಆಫ್ ಮಾಡ್ಬೇಡಿ," ಎಂದರು ಹಾರ್ಟ್‌ವಿಗ್.

"ಮಾಡಲ್ಲ," ಎಂದ ಆರ್ವಿಡ್. ಅದು ನಿಜವೂ ಆಗಿತ್ತು.

ಹಾರ್ಟ್‌ವಿಗ್ ನಾಣ್ಯ ನಿಲ್ಲಿಸಿದರು. ನಾಣ್ಯ ನಿಂತಿತು. ನಿಂತೇ ಇತ್ತು. ಜನ ಐಸ್‌ಕ್ರೀಮ್ ನೆಕ್ಕುವುದನ್ನು ನಿಲ್ಲಿಸಿದರು. ಹಾರ್ಟ್‌ವಿಗ್ ಬಗ್ಗಿ ಕಿವಿಗೊಟ್ಟರು.

"ಆ ತುದಿಯ ಪೈ ಅಂಗಡೀಲಿ ಚಮಚ ಬಿದ್ದದ್ದು ಕೇಳಿಸ್ತು," ಎಂದರು ಪಿಸುದನಿಯಲ್ಲಿ. "ಎಂಜಿನ್ ಮಾತ್ರ ಕೇಳಿಸ್ತಿಲ್ಲ. ನಲವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ."

"ಬಾನೆಟ್ ತೆಗೀರಿ, ನಾವೂ ನೋಡೋಣ," ಎಂದರು ಯಾರೋ.

"ಕೈ ತೆಗೀರಿ. ನಾಣ್ಯ ಬೀಳುತ್ತೆ," ಎಂದು ಗದರಿದರು ಹಾರ್ಟ್‌ವಿಗ್.

"ವೈರು ಜೋಡಿಸಿದ್ದು ನಾನು," ಎಂದ ಗಸ್, ಎದೆ ಸೆಟೆಸಿ.

"ನೀನು ಕೆಡಿಸಿದ್ದನ್ನ ಸರಿ ಮಾಡಿದ್ದು ನಾನು," ಎಂದ ಹೆರಾಲ್ಡ್.

ಆರ್ವಿಡ್‌ನ ಬೆವರು ಸ್ಟಿಯರಿಂಗ್ ಮೇಲೆ ತೊಟ್ಟಿಕ್ಕುತ್ತಿತ್ತು. ಇದ್ದದ್ದನ್ನು ಹೇಳಿಬಿಡೋಣವೆಂದು ಬಾಯಿ ತೆರೆದ. ಆಗಲೇ ಜನರನ್ನು ಸರಿಸಿಕೊಂಡು ವೆರ್ನಾ ಬಂದಳು. ಏಪ್ರನ್ನಿನ ತುಂಬ ಹಿಟ್ಟು, ಕಣ್ಣಿನ ತುಂಬ ನೀರು.

"ನೋಡಿದ್ಯಾ ಡೋರಿಸ್?" ಎಂದು ತಂಗಿಯ ಕಡೆ ತಿರುಗಿದಳು. "ನಮ್ಮ ಕಾರು."

ಒಂಬತ್ತು ವರ್ಷದಲ್ಲಿ ಅವಳು ಅದನ್ನು 'ನಮ್ಮ ಕಾರು' ಎಂದದ್ದು ಅದೇ ಮೊದಲು. ಆರ್ವಿಡ್ ತೆರೆದ ಬಾಯಿ ಮುಚ್ಚಿಕೊಂಡ. ಗ್ಯಾರೇಜು ಉಳಿಯಿತು, ಮಾನ ಉಳಿಯಿತು, ಹೆಂಡತಿ ಹೆಮ್ಮೆಪಟ್ಟಳು; ಸತ್ಯವೊಂದು ಒಳಗೇ ಉಳಿದರೆ ಯಾರ ಮನೆ ಮುಳುಗೀತು? ಹಾರ್ಟ್‌ವಿಗ್ ನಾಣ್ಯ ಎತ್ತಿ ಅವಳ ಅಂಗೈಯಲ್ಲಿಟ್ಟು, ಬಹುಮಾನದ ಹಿತ್ತಾಳೆ ಕಪ್ಪನ್ನು ಅವನ ಕೈಗೆ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ಬ್ಯಾಂಡಿನವರು ಬೇರೆ ಯಾರಿಗೋ ಅಭ್ಯಾಸ ಮಾಡಿದ್ದ ಹಾಡನ್ನು ಇವನಿಗೇ ಬಾರಿಸಿಬಿಟ್ಟರು.

ಎಲ್ಲರೂ ಹೋಗಲಿ, ವೈರು ನಿಧಾನವಾಗಿ ಸರಿಮಾಡಿಕೊಂಡರಾಯಿತು ಎಂದು ಲೆಕ್ಕ ಹಾಕಿ ಆರ್ವಿಡ್ ಸೀಟಿನಲ್ಲೇ ಕುಳಿತಿದ್ದ. ವೆರ್ನಾ ಖಾಲಿ ಪೈ ತಟ್ಟೆಗಳನ್ನು ತಂದು ಹಿಂದಿನ ಸೀಟಿನಲ್ಲಿಟ್ಟು, ಅವನ ಪಕ್ಕ ಬಂದು ಕೂತಳು.

"ಕೊಟ್ಟ ಮಾತಿಗೆ ತಪ್ಪಲ್ಲ ನಾನು. ಗ್ಯಾರೇಜು ನಿನ್ನದೇ."

"ಥ್ಯಾಂಕ್ಸ್ ವೆರ್ನಾ. ನೀನು ನಿನ್ನ ಕಾರಲ್ಲಿ ಮುಂದೆ ಹೋಗಿರು, ನಾನು ಹಿಂದೇನೇ..."

"ನನ್ನ ಕಾರೆಲ್ಲಿದೆ? ಡೋರಿಸ್ ಮಗಳಿಗೆ ಕೊಟ್ಬಿಟ್ಟೆ. ಕಾಲೇಜಿಗೆ ಹೋಗೋ ಹುಡುಗಿ, ಪಾಪ, ಸೈಕಲ್ ತುಳೀತಾಳೆ. ಆಗಲೇ ತಗೊಂಡು ಹೋದ್ಲು."

"ಕೊಟ್ಬಿಟ್ಯಾ?"

"ಮತ್ತೆ? ಇಂಥಾ ಕಾರು ಮನೇಲಿರೋವಾಗ ಎರಡು ಯಾಕೆ ಬೇಕು? ಸೋಮವಾರದಿಂದ ದಿನಾ ಬೆಳಿಗ್ಗೆ ನೀನೇ ನನ್ನನ್ನ ಕೆಲಸಕ್ಕೆ ಬಿಡು. ಭಾನುವಾರ ಚರ್ಚಿಗೆ. ನವೆಂಬರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಮ್ಮನ ಮನೆಗೆ ಮಿನೆಸೋಟಕ್ಕೆ ಹೋಗೋಣ, ಫೋನ್ ಮಾಡಿ ಹೇಳೂ ಆಯ್ತು." ಅವಳು ಕಿಟಕಿಯ ಗಾಜಿಳಿಸಿ, ಇನ್ನೂ ಸುತ್ತ ನಿಂತಿದ್ದ ಜನರತ್ತ ರಾಣಿಯಂತೆ ಕೈ ಬೀಸಿದಳು. "ನಡಿ. ಊರಲ್ಲಿ ಒಂದು ಸುತ್ತು ಹಾಕಿ ಮನೆಗೆ ಹೋಗೋಣ."

ಆರ್ವಿಡ್ ಗುಡ್ಡ ನೋಡಿದ, ಜನರನ್ನು ನೋಡಿದ, ಆಕಾಶ ನೋಡಿದ. ಕೈಯನ್ನು ಮೆಲ್ಲಗೆ ಕೀಲಿಯ ಕಡೆ ಒಯ್ದ.

ವೆರ್ನಾ ಅವನ ಕೈಯನ್ನು ಪ್ರೀತಿಯಿಂದ ತಟ್ಟಿ ಸರಿಸಿದಳು.

"ಅದನ್ಯಾಕೆ ಮುಟ್ತೀಯ? ಎಂಜಿನ್ ಓಡ್ತಾನೇ ಇದೆಯಲ್ಲ."