ಸಾರಿನ ಪುಡಿ ಪಕ್ಷ, ಪಾಂಚ್ ಫೋರನ್ ಪಕ್ಷ

ಜಗಳಕ್ಕೊಂದು ಕಾರಣ ಬೇಕು ಅಂತ ನಂಬಿದವರು ಕಲ್ಕತ್ತದ ಸಾಫ್ಟ್‌ವೇರ್ ಕಂಪನಿಯಲ್ಲಿ ಒಂದು ವಾರ ಕೆಲಸ ಮಾಡಬೇಕು. ಅಲ್ಲಿ ಜಗಳ ಮೊದಲು ಶುರುವಾಗುತ್ತದೆ, ಕಾರಣವನ್ನು ಚಹಾ ಕುಡಿಯುತ್ತಾ ಹುಡುಕಿಕೊಳ್ಳುತ್ತಾರೆ. ಎರಡು ಸಾವಿರದ ಇಸವಿ ದಾಟಿದ ಮೇಲಿನ ವರ್ಷಗಳು. ಸಾಲ್ಟ್ ಲೇಕಿನಲ್ಲಿ ನೋಡನೋಡುತ್ತಲೇ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದ್ದೊಂದರ ಮೂರನೇ ಮಹಡಿಯಲ್ಲಿ ನಾನಿದ್ದೆ. ಅಲ್ಲಿ ನಡೆದದ್ದರಲ್ಲಿ ನಗು ಬರುವಂಥವನ್ನಷ್ಟೇ ಬರೆಯೋಣ ಅಂತ ಕೂತರೆ, ಪ್ರತಿಯೊಂದರಲ್ಲೂ ಅವಳೇ ಬಂದು ಕೂರುತ್ತಾಳೆ. ಕೂರಲಿ ಬಿಡಿ, ಅವಳದೇ ಸೀಟು.

೧. ಎದುರು ಸೀಟು

ಅವಳು ಗರಿಯಾಹಾಟಿನ ಬಂಗಾಳಿ ಹುಡುಗಿ. ಅವಳ ಬೆನ್ನು, ನನ್ನ ಮುಖ ಎದುರುಬದುರಾಗುವಂತೆ ಕುರ್ಚಿ ಹಾಕಿದ್ದರು. ನಾನು ಮೈಸೂರು ಕಡೆಯವನು ಅಂತ ಹೇಳಿಕೊಳ್ಳುವ ಖಿದಿರ್‌ಪುರದವನು. ಅಪ್ಪ ಕಲ್ಕತ್ತದ ಗಾರ್ಡನ್ ರೀಚಿನ ರೈಲ್ವೆ ಕಚೇರಿಯಲ್ಲಿ ಕೆಲಸಕ್ಕೆ ಬಂದು ಇಲ್ಲೇ ಉಳಿದುಬಿಟ್ಟವರು.

ನಮ್ಮ ಕೆಲಸ ಹಡಗಿನ ಕಂಟೇನರುಗಳ ಲೆಕ್ಕ ಇಡುವ ಪ್ರೋಗ್ರಾಮು. ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿಯಲ್ಲಿ ಬರೆಯಬೇಕು, ಅಂದರೆ ಪ್ರೋಗ್ರಾಮನ್ನು ಸಣ್ಣ ಸಣ್ಣ ವಸ್ತುಗಳಾಗಿ ಮಾಡಿ ಕಟ್ಟಬೇಕು. ಕಟ್ಟುವುದು ಹೇಗೆ ಅನ್ನುವಲ್ಲಿ ಎರಡು ಮತ. ಒಂದು ಇನ್ಹೆರಿಟೆನ್ಸ್: ಒಂದು ಅಪ್ಪ ಕಂಟೇನರು ಬರೆದಿಟ್ಟರೆ, ಫ್ರಿಜ್ ಇರುವ ಕಂಟೇನರು ಅದರ ಮಗ. ಅಪ್ಪನಿಂದ ಎಲ್ಲ ಬರುತ್ತದೆ, ಮಗ ತನ್ನ ಫ್ರಿಜ್ಜು ಸೇರಿಸಿಕೊಂಡರಾಯಿತು. ಇನ್ನೊಂದು ಕಾಂಪೊಸಿಷನ್: ಅಪ್ಪನೂ ಇಲ್ಲ, ಮಗನೂ ಇಲ್ಲ. ಪೆಟ್ಟಿಗೆ, ಬೀಗ, ಫ್ರಿಜ್ಜು ಎಲ್ಲ ಬೇರೆ ಬೇರೆ. ಬೇಕಾದದ್ದನ್ನು ಬೇಕಾದಾಗ ಜೋಡಿಸಿಕೊಳ್ಳುವುದು.

"ನಮ್ಮ ಮನೆ ಸಾರಿನ ಪುಡಿ ಇದೆಯಲ್ಲ," ಅಂದೆ ನಾನು. "ಅಜ್ಜಿಯಿಂದ ಅಮ್ಮನಿಗೆ ಹಾಗೇ ಬಂದದ್ದು. ಪ್ರತಿಸಲ ಮೊದಲಿಂದ ಯೋಚಿಸುವ ಕೆಲಸವೇ ಇಲ್ಲ. ಇದೇ ಇನ್ಹೆರಿಟೆನ್ಸ್."

ಅವಳು ಕುರ್ಚಿ ತಿರುಗಿಸಿದಳು. ಅದೇ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ್ದು.

"ನಮ್ಮ ಒಗ್ಗರಣೆಯ ಪಾಂಚ್ ಫೋರನ್ ನೋಡು. ಜೀರಿಗೆ, ಮೆಂತ್ಯ, ಸಾಸಿವೆ, ಸೋಂಪು, ಕಪ್ಪು ಜೀರಿಗೆ. ಐದೂ ಒಟ್ಟಿಗಿದ್ದರೂ ಐದೂ ಕಣ್ಣಿಗೆ ಕಾಣುತ್ತವೆ. ಒಂದು ಬೇಡವಾದರೆ ಬಿಡಬಹುದು. ನಿನ್ನ ಪುಡಿಯಿಂದ ಮೆಂತ್ಯ ತೆಗೆ ನೋಡೋಣ!"

ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರು ತಮ್ಮ ಗಾಜಿನ ಕೋಣೆಯಿಂದ ಹೊರಗೆ ಬಂದರು. ಅವರನ್ನು ಎಲ್ಲರೂ ದಾದಾ, ಅಂದರೆ ಅಣ್ಣ, ಅನ್ನುತ್ತಿದ್ದರು. "ನೀವಿಬ್ಬರೂ ಬೆಳಗಿನಿಂದ ಒಂದು ಸಾಲು ಪ್ರೋಗ್ರಾಮು ಬರೆದಿಲ್ಲ," ಅಂದರು. "ಅದು ಹೋಗಲಿ. ಇನ್ನೂ ಹನ್ನೊಂದು ಗಂಟೆ, ನನಗೆ ಹಸಿವಾಗುವ ಹಾಗೆ ಮಾಡಿದ್ದೀರಿ."

೨. ವಿರೋಧ ಪಕ್ಷ

ತಿಂಗಳಾದರೂ ಜಗಳ ಮುಗಿಯಲಿಲ್ಲ. ಇತ್ಯರ್ಥ ಮಾಡಿಯೇ ಬಿಡೋಣ ಅಂತ ದಾದಾ ಇಡೀ ಮಹಡಿಯ ಸಭೆ ಕರೆದರು. ಒಂದು ಗಂಟೆ ಅಂತ ಶುರುವಾದದ್ದು ಮೂರು ಗಂಟೆ ನಡೆಯಿತು. ಬಲಗಡೆ ಸಾರಿನ ಪುಡಿ ಪಕ್ಷ, ಎಡಗಡೆ ಪಾಂಚ್ ಫೋರನ್ ಪಕ್ಷ. ಫುಟ್‌ಬಾಲ್ ಮ್ಯಾಚಿನ ದಿನವೂ ಇಷ್ಟು ಗಂಟಲು ಹರಿದುಕೊಂಡದ್ದನ್ನು ನಾನು ಕಂಡಿರಲಿಲ್ಲ.

ಎಡಗಡೆ ಮುಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಮೇಜು ಕುಟ್ಟಿ ಕುಟ್ಟಿ ನನ್ನನ್ನು ಖಂಡಿಸುತ್ತಿದ್ದರು. ಮಧ್ಯದಲ್ಲಿ ಚಹಾ ಬಂತು. ಕುಡಿದು ವಾಪಸ್ ಬಂದವರು ಬಲಗಡೆ ಕೂತು ಅವಳನ್ನು ಖಂಡಿಸತೊಡಗಿದರು. ದಾದಾಗೆ ಅನುಮಾನ ಬಂತು.

"ಮೊಶಾಯ್, ನೀವು ಯಾವ ಟೀಮು?"

"ನಾನು ಎರಡನೇ ಮಹಡಿ. ಅಕೌಂಟ್ಸ್."

"ನಿಮಗೆ ಆಬ್ಜೆಕ್ಟ್ ಓರಿಯೆಂಟೆಡ್ ಗೊತ್ತೇ?"

"ಇಲ್ಲ."

"ಮತ್ತೆ ಯಾರ ಪರ ಮಾತಾಡುತ್ತಿದ್ದೀರಿ?"

ಹಿರಿಯರಿಗೆ ಬೇಜಾರಾಯಿತು. "ಪರ ಯಾಕೆ ಮಾತಾಡಲಿ? ನಾನು ಯಾವಾಗಲೂ ವಿರೋಧವೇ."

೩. ಸಾಕ್ಷಿ

ಬಾಯಿಮಾತಿಗಿಂತ ಸಾಕ್ಷಿ ವಾಸಿ ಅಂತ ತೀರ್ಮಾನಿಸಿದೆ. ಅಮ್ಮನಿಗೆ ಸಾರು ಮಾಡಲು ಹೇಳಿದೆ, ಜೊತೆಗೆ ಒಂದು ಡಬ್ಬಿ ಪುಡಿಯೂ ಬೇಕು ಅಂದೆ. ಅಮ್ಮ ತನ್ನ ಮದುವೆಯ ಸ್ಟೀಲ್ ಡಬ್ಬಿ ತೆಗೆದಳು. ಅದರ ಮೇಲೆ ಅಮ್ಮನ ಹೆಸರನ್ನು ಕನ್ನಡದಲ್ಲಿ ಕೊರೆಸಿತ್ತು.

"ಡಬ್ಬಿ ವಾಪಸ್ ತರಬೇಕು ಕಣೋ."

"ತರ್ತೀನಮ್ಮ. ಇದು ಅಜ್ಜಿ ಹೇಳಿಕೊಟ್ಟ ಪುಡೀನೇ ತಾನೇ?"

"ಎಲ್ಲಿ ಅಜ್ಜಿ ಪುಡಿ!" ಅಮ್ಮ ನಕ್ಕುಬಿಟ್ಟಳು. "ಈ ಊರಿಗೆ ಬಂದ ಹೊಸದರಲ್ಲೇ ಪಕ್ಕದ ಮನೆ ಬೌದಿ ಒಂದು ಪೊಟ್ಟಣ ಕೊಟ್ಟಿದ್ರು. ಜೀರಿಗೆ, ಮೆಂತ್ಯ, ಸಾಸಿವೆ ಎಲ್ಲಾ ಒಟ್ಟಿಗೇ ಇರತ್ತೆ. ಅದನ್ನೇ ಹುರಿದು ಹಾಕ್ತೀನಿ. ಸೋಂಪು ಒಂದಿಷ್ಟು ಬರತ್ತೆ. ಬಂದ್ರೆ ಬರಲಿ ಬಿಡು, ಯಾರಿಗೆ ಗೊತ್ತಾಗತ್ತೆ?"

ನಾನು ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟೆ. ಹುಟ್ಟಿದಾಗಿನಿಂದ ಅಜ್ಜಿ ಮನೆ ರುಚಿ ಅಂತ ನಾನು ಚಪ್ಪರಿಸಿದ್ದು ಪಾಂಚ್ ಫೋರನ್ನು! ವಾದ ನನ್ನ ಮನೆಯ ಒಲೆಯ ಮೇಲೇ ಸೋತಿತ್ತು.

ಮರ್ಯಾದಸ್ಥನಾಗಿದ್ದರೆ ಮಾರನೇ ದಿನ ಹೋಗಿ ಸೋತೆ ಅನ್ನಬೇಕಿತ್ತು. ಆದರೆ ಸೋತೆ ಅಂದರೆ ಅವಳು ಯಾಕೆ ಕುರ್ಚಿ ತಿರುಗಿಸುತ್ತಾಳೆ? ದಿನಕ್ಕೆ ನಾಲ್ಕು ಸಲ ಆ ಕುರ್ಚಿ ಕಿರ್ ಅಂತ ನನ್ನ ಕಡೆ ತಿರುಗುವುದಕ್ಕೋಸ್ಕರವೇ ನಾನು ಖಿದಿರ್‌ಪುರದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದೆ. ವಾದ ಬಿಟ್ಟರೆ ನಮ್ಮಿಬ್ಬರ ಮಧ್ಯೆ ಬೇರೆ ಮಾತಿರಲಿಲ್ಲ. ಬೇರೆ ಮಾತು ಆಡುವ ಧೈರ್ಯ ನನಗಂತೂ ಇರಲಿಲ್ಲ.

ಊಟದ ಹೊತ್ತಿಗೆ, ಮನೆಗೆ ಒಯ್ಯಲಿ ಅಂತ ಪುಡಿಯ ಡಬ್ಬಿಯನ್ನು ಅವಳ ಕೈಗಿಟ್ಟು, ಕ್ಯಾಂಟೀನಿನ ಅನ್ನಕ್ಕೆ ಸಾರು ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು ಅವಳು ತಟ್ಟೆಯನ್ನು ಮೂಗಿನ ಹತ್ತಿರ ತಂದು ಮೂಸಿದಳು.

"ಯಾಕೋ ನಮ್ಮನೆ ರುಚಿ ಇದ್ದ ಹಾಗಿದೆಯಲ್ಲ."

"ಒಳ್ಳೇ ಅಡುಗೆ ಎಲ್ಲರಿಗೂ ಹಾಗೇ ಅನಿಸುತ್ತದೆ," ಅಂದೆ.

"ಇದರಲ್ಲಿ ಏನೇನು ಹಾಕುತ್ತಾರೆ?"

"ಅದನ್ನೆಲ್ಲ ಹೇಳುವ ಹಾಗಿಲ್ಲ. ಒಳಗೇನಿದೆ ಅಂತ ಹೊರಗಿನವರಿಗೆ ತಿಳಿಯಬಾರದು. ಎನ್‌ಕ್ಯಾಪ್ಸುಲೇಷನ್!"

ಆಬ್ಜೆಕ್ಟ್ ಓರಿಯೆಂಟೆಡ್ ಸಿದ್ಧಾಂತದಿಂದ ನನಗೆ ನಿಜವಾಗಿ ಉಪಯೋಗವಾದದ್ದು ಅದೊಂದೇ ಸಲ.

೪. ಗೆಲುವು

ಎರಡು ವರ್ಷ ಹೀಗೇ ಕಳೆಯಿತು. ಮನೆಯಲ್ಲಿ ಅಮ್ಮ ಡಬ್ಬಿ ಎಲ್ಲಿ ಅಂತ ಕೇಳುತ್ತಿದ್ದಳು, ನಾನು ನಾಳೆ ಅನ್ನುತ್ತಿದ್ದೆ. ಡಬ್ಬಿ ಅವಳ ಮನೆಯಲ್ಲಿರುವುದು ನನಗೆ ಒಂಥರಾ ಇಷ್ಟವಾಗಿತ್ತು.

ಒಂದು ಸೋಮವಾರ ಕುರ್ಚಿ ತಿರುಗಿತು. "ಫ್ರಿಜ್ ಕಂಟೇನರನ್ನು ನಿನ್ನ ದಾರಿಯಲ್ಲೇ ಬರೆದೆ. ಚೆನ್ನಾಗಿ ಬಂತು. ನೀನು ಹೇಳಿದ್ದೇ ಸರಿ."

ಗೆದ್ದವನಿಗೆ ಮುಂದೆ ಮಾತೇ ಇರುವುದಿಲ್ಲ ಅಂತ ಯಾರೂ ನನಗೆ ಹೇಳಿರಲಿಲ್ಲ. ಕುರ್ಚಿ ಆ ಕಡೆ ತಿರುಗಿತು. ಬುಧವಾರ ಅವಳು ರಾಜೀನಾಮೆ ಕೊಟ್ಟಳು, ಪುಣೆಯಲ್ಲಿ ಕೆಲಸ ಸಿಕ್ಕಿತ್ತು.

ಕೊನೆಯ ದಿನ ಗರಿಯಾಹಾಟ್ ಬಸ್ ನಿಲ್ಲುವಲ್ಲಿಗೆ ಅವಳ ಜೊತೆ ನಡೆದೆ. ನನ್ನ ಬಸ್ಸು ನಿಲ್ಲುವುದು ರಸ್ತೆಯ ಆ ಬದಿ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ದೂರದಲ್ಲಿ ಬಸ್ಸು ಕಂಡಿತು. ನನ್ನ ಬಾಯಿಂದ ಬಂದದ್ದು ಇಷ್ಟು:

"ನೋಡು, ಆ ಸೋಮವಾರ ನಾನೇ ಸರಿ ಅಂದೆಯಲ್ಲ, ಅದು ತಪ್ಪು. ಮೊದಲಿಂದಲೂ ನಿನ್ನ ವಾದವೇ ಸರಿ. ಕಾಂಪೊಸಿಷನ್."

"ಏನು? ಎರಡು ವರ್ಷ ನನ್ನ ತಲೆ ತಿಂದು ಈಗ ಪಕ್ಷ ಬದಲಾಯಿಸುತ್ತೀಯಾ? ಇನ್ಹೆರಿಟೆನ್ಸೇ ಸರಿ!"

"ಅಲ್ಲ!"

"ಹೌದು!"

ಬಸ್ಸು ಬಂತು. ಅವಳು ಹತ್ತಿ ಮೆಟ್ಟಿಲ ಮೇಲೆ ನಿಂತೇ ವಾದ ಮಾಡಿದಳು, ನಾನು ಜೊತೆಗೇ ಓಡುತ್ತಾ ಉತ್ತರ ಕೊಟ್ಟೆ. ಕಂಡಕ್ಟರು ಬಸ್ಸಿನ ತಗಡು ಬಡಿದು ಕೂಗಿದ: "ದಿದಿ, ಒಳಗೆ ಹೋಗಿ! ಗಂಡ ಹೆಂಡತಿ ಜಗಳ ಮನೆಗೆ ಹೋಗಿ ಆಡಿಕೊಳ್ಳಿ!"

ಬಸ್ಸಿಗೆ ಬಸ್ಸೇ ನಕ್ಕಿತು. ನಾವಿಬ್ಬರೂ ಪ್ರತಿಯೊಂದನ್ನೂ ತಿದ್ದುವ ಸ್ವಭಾವದವರು. ಅವನನ್ನು ಮಾತ್ರ ಇಬ್ಬರೂ ತಿದ್ದಲಿಲ್ಲ.

೫. ಟೆಕ್ನಿಕಲ್ ರೌಂಡ್

ನಾಲ್ಕು ವರ್ಷ ಕಳೆಯಿತು. ಈಗ ನಾನು ಕೆಲಸಕ್ಕೆ ಬರುವವರ ಸಂದರ್ಶನ ಮಾಡುವಷ್ಟು ದೊಡ್ಡವನಾಗಿದ್ದೆ. ಎದುರು ಸೀಟಿಗೆ ಯಾರನ್ನೂ ಕೂರಿಸಿರಲಿಲ್ಲ. ಕುರ್ಚಿ ಕಿರ್ ಅನ್ನುತ್ತದೆ, ರಿಪೇರಿಯಾಗಬೇಕು ಅಂತ ಸುಳ್ಳು ಹೇಳಿಕೊಂಡು ಬಂದಿದ್ದೆ.

ಒಂದು ದಿನ ಪುಣೆಯಿಂದ ಕಲ್ಕತ್ತಕ್ಕೆ ಮರಳಬೇಕೆಂದಿದ್ದ ಯುವಕನೊಬ್ಬ ಸಂದರ್ಶನಕ್ಕೆ ಬಂದ. ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: ಇನ್ಹೆರಿಟೆನ್ಸೋ, ಕಾಂಪೊಸಿಷನ್ನೋ? ಉತ್ತರವನ್ನೂ ನಾನೇ ಹೇಳಿಕೊಟ್ಟೆ, ಪಾಂಚ್ ಫೋರನ್ ಉದಾಹರಣೆ ಸಮೇತ. ನಾಲ್ಕು ವರ್ಷದಿಂದ ನಾನು ಅವಳ ಪಕ್ಷ.

"ಇಲ್ಲ ಸರ್," ಅಂದ ಅವನು. "ಒಂದು ಮನೆಯಲ್ಲಿ ಅಜ್ಜಿಯಿಂದ ಬಂದ ಸಾರಿನ ಪುಡಿ ಇತ್ತು ಅಂತ ಇಟ್ಟುಕೊಳ್ಳಿ..."

ನಾನು ಪೆನ್ನು ಕೆಳಗಿಟ್ಟೆ. "ಇದನ್ನು ಯಾರು ಹೇಳಿಕೊಟ್ಟರು?"

"ನಮ್ಮ ಮೇಡಂ. ಹೊಸದಾಗಿ ಸೇರಿದವರಿಗೆಲ್ಲ ಇದೇ ಹೇಳುತ್ತಾರೆ. ಅವರ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇದೆ ಸರ್, ಅದರ ಮೇಲೆ ಗುಂಡು ಗುಂಡಾಗಿ ಏನೋ ಬರೆದಿದೆ. ಯಾರಿಗೂ ಓದಲು ಬರುವುದಿಲ್ಲ. ಮುಟ್ಟಲೂ ಬಿಡುವುದಿಲ್ಲ."

"ಮತ್ತೇನು ಹೇಳುತ್ತಾರೆ?"

"ಆ ಪುಡಿಯಲ್ಲಿ ಪಾಂಚ್ ಫೋರನ್ ಇತ್ತಂತೆ. ತಂದವನು ಮುಚ್ಚಿಟ್ಟನಂತೆ. ಮೇಡಮಿಗೆ ಮೊದಲನೇ ತುತ್ತಿಗೇ ಗೊತ್ತಾಯಿತಂತೆ."

"ಗೊತ್ತಾದರೆ ಯಾಕೆ ಹೇಳಲಿಲ್ಲ?"

"ನಾವೂ ಅದನ್ನೇ ಕೇಳಿದೆವು ಸರ್. ಹೇಳಿದ್ದರೆ ವಾದ ಆವತ್ತೇ ಮುಗಿದುಹೋಗುತ್ತಿತ್ತಲ್ಲ ಅಂತಾರೆ."

ನನಗೆ ಕಣ್ಣು ಮಂಜಾಯಿತು. ಮುಂದಿನ ಪ್ರಶ್ನೆ ಕೇಳಬೇಕಿತ್ತು, ಕೇಳಿದೆ: "ಮನೆಯಲ್ಲಿ ಯಾರ್ಯಾರಿದ್ದಾರೆ?"

"ಅಪ್ಪ, ಅಮ್ಮ, ತಂಗಿ..."

"ನಿಮ್ಮ ಮನೆಯಲ್ಲಲ್ಲ. ಮೇಡಂ ಮನೆಯಲ್ಲಿ."

ಯುವಕ ಬಾಗಿಲ ಕಡೆ ನೋಡಿದ. "ಸರ್... ಇದು ಟೆಕ್ನಿಕಲ್ ರೌಂಡೇ ತಾನೇ?"

ಮೇಡಂ ಮನೆಯಲ್ಲಿ ಯಾರಿದ್ದಾರೆ ಅಂತ ಅವನಿಗೆ ಗೊತ್ತಿರಲಿಲ್ಲ. ಡಬ್ಬಿಯ ವಿಷಯ ಬಿಟ್ಟರೆ ಅವನಿಗೆ ಏನೂ ಗೊತ್ತಿರಲಿಲ್ಲ. ಆದರೂ ಪಾಸು ಮಾಡಿದೆ.

ಸಂಜೆ ಮನೆಗೆ ಬಂದು, "ಅಮ್ಮ, ನಿನ್ನ ಡಬ್ಬಿ ಸಿಕ್ತು. ಪುಣೆಯಲ್ಲಿದೆ," ಅಂದೆ. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ, ಬಸ್ ಕಂಡಕ್ಟರನ ಮಾತೂ ಸೇರಿ. ಅಮ್ಮ ಹೆಚ್ಚುತ್ತಿದ್ದ ತರಕಾರಿ ಪಕ್ಕಕ್ಕಿಟ್ಟು ನನ್ನ ಮುಖವನ್ನೇ ನೋಡಿದಳು.

"ಪುಣೆಗೆ ಹೌರಾದಿಂದ ರೈಲಿಲ್ವೇನೋ? ಅಪ್ಪ ಅಷ್ಟು ವರ್ಷ ರೈಲ್ವೇಲಿ ಯಾಕಿದ್ರು? ಹೋಗಿ ಡಬ್ಬಿ ಇಸ್ಕೊಂಡು ಬಾ. ಕೊಡೋಕೆ ಮನಸ್ಸಿಲ್ಲ ಅಂದ್ರೆ ಅದನ್ನ ಇಟ್ಕೊಂಡಿರೋಳನ್ನೇ ಕರ್ಕೊಂಡು ಬಾ."

"ಬರಿಗೈಲಿ ಹೇಗಮ್ಮ ಹೋಗೋದು?"

"ಪುಡಿ ಮಾಡಿ ಕೊಡ್ತೀನಿ. ಈ ಸಲ ಸೋಂಪಿಲ್ಲದ ಹಾಗೆ, ನಿಮ್ಮಜ್ಜಿ ಮಾಡ್ತಿದ್ದ ಥರಾನೇ ಮಾಡ್ತೀನಿ."

"ಬೇಡಮ್ಮ," ಅಂದೆ ಗಾಬರಿಯಾಗಿ. "ಸೋಂಪು ಹಾಕು. ಇಲ್ಲದಿದ್ರೆ ಅಲ್ಲಿ ಹೋಗಿ ಏನು ಮಾತಾಡಲಿ?"