ಮೊಲದ ಮೇವಿಗೆ ನನ್ನ ಮಿಕ್ಸಿ

ನೀವೇ ಹೇಳಿ, ಅಡುಗೆಮನೆಯ ಮಿಕ್ಸಿ ಯಾರದು? ನನ್ನದು ತಾನೇ? ಆದರೆ ಎರಡು ತಿಂಗಳಿಂದ ಅದರಲ್ಲಿ ಗಿರಗಿರ ತಿರುಗುತ್ತಿರುವುದು ಕ್ಯಾರೆಟ್ಟಿನ ಹಿಪ್ಪೆ, ಸೇಬಿನ ಸಿಪ್ಪೆ, ಬಟಾಣಿ ಸಿಪ್ಪೆ. ತಿನ್ನುವವರು ನಾವಲ್ಲ, ಹಿತ್ತಲಿನ ಗೂಡುಗಳಲ್ಲಿ ಮಾಂಸಕ್ಕೆಂದು ಸಾಕಿರುವ ಮೊಲಗಳು!

ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಅಂಗಡಿಯ ಮೇವು ದುಬಾರಿಯಾಯಿತೆಂದು ಅವರಿಗೊಂದು ಮಹಾಜ್ಞಾನೋದಯವಾಯಿತು. ಜ್ಯೂಸ್ ಅಂಗಡಿಯವನು ಎಸೆಯುವ ಹಿಪ್ಪೆಯನ್ನು ಒಣಗಿಸಿ ಪುಡಿ ಮಾಡಿದರೆ ಬಿಟ್ಟಿ ಮೇವು! ಒಣಗಿಸಿದ್ದೆಲ್ಲಿ? ನಾನು ಒಗೆದಿಟ್ಟ ಬೆಡ್‌ಶೀಟಿನ ಮೇಲೆ.

"ಏನ್ರೀ ಇದು ಅವತಾರ? ಬೆಡ್‌ಶೀಟೆಲ್ಲ ಕೆಂಪಗಾಗಿದೆ!"

"ಸಂಶೋಧನೆ ಕಣೇ, ನಿಂಗೆ ಅರ್ಥ ಆಗಲ್ಲ. ಅಂದಹಾಗೆ, ನಾಳೆಯಿಂದ ತರಕಾರಿ ಸಿಪ್ಪೆ ಸ್ವಲ್ಪ ದಪ್ಪಕ್ಕೆ ತೆಗಿ."

(ದಪ್ಪಕ್ಕೆ ತೆಗೆಯಬೇಕಂತೆ! ತಿರುಳು ಮೊಲಕ್ಕೆ, ಉಳಿದದ್ದು ನಮಗೆ.)

ಒಂದೇ ವಾರದಲ್ಲಿ ಮೊಲಗಳ ಹೊಟ್ಟೆ ಕೆಟ್ಟಿತು. ಗೂಡು ತೊಳೆದವರು ಯಾರು ಅಂತ ಮಾತ್ರ ಕೇಳಬೇಡಿ. ಇವರು ಮುಖ ಸಣ್ಣದು ಮಾಡಿಕೊಂಡು, "ಮರಿ ಕೊಟ್ಟ ದನದ ಡಾಕ್ಟ್ರು ತಿಂಗಳ ಕೊನೆಗೆ ತೂಕ ನೋಡೋಕೆ ಬರ್ತಾರೆ. ಎರಡು ಕಿಲೋ ದಾಟದಿದ್ರೆ ಎಲ್ಲ ವಾಪಸ್ ಕೊಟ್ಬಿಡ್ತೀನಿ, ಗೂಡೂ ಸೇರಿಸಿ" ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷ. ಹಿತ್ತಲೂ ನನ್ನದು, ಮಿಕ್ಸಿಯೂ ನನ್ನದು!

ಆದರೆ ದೇವರ ಮೇಲೆ ಭಾರ ಹಾಕಿ ಸುಮ್ಮನೆ ಕೂರುವವಳಲ್ಲ ನಾನು. ಪುಡಿ ಮಾಡಿ ಡಬ್ಬಕ್ಕೆ ತುಂಬುವುದು ಅವರು, ಗೂಡಿಗೆ ಹಾಕುವುದು ನಾನು (ಸಂಶೋಧಕರು ಕೈ ಕೊಳೆ ಮಾಡಿಕೊಳ್ಳುತ್ತಾರೆಯೇ?). ನಾನು ಕೆಲಸ ಮಾಡುವ ಪಿಂಗಾಣಿ ಅಂಗಡಿಯಲ್ಲಿ ಕಪ್-ಸಾಸರುಗಳ ನಡುವೆ ತುಂಬಿ ಬರುವ ಒಣಹುಲ್ಲು ದಿನಾ ಕಸಕ್ಕೆ ಹೋಗುತ್ತದೆ. ಅದನ್ನು ಚೀಲದಲ್ಲಿ ತಂದೆ. ಇವರ ಅಮೃತಚೂರ್ಣದಲ್ಲಿ ಅರ್ಧ ಗೊಬ್ಬರದ ಗುಂಡಿಗೆ ಸುರಿದು, ಅದರ ಬದಲು ಹುಲ್ಲು ಹಾಕುತ್ತ ಬಂದೆ. ಕಸ ತಿಂದು ಸೊರಗಿ ಸಾಯಲಿ ಅಂತ.

ಡಾಕ್ಟರು ಬಂದರು. ತಕ್ಕಡಿ ಏರಿದ ಮೊದಲ ಮೊಲ ಎರಡು ಕಿಲೋ ಇನ್ನೂರು ಗ್ರಾಂ. ಎರಡನೆಯದು ಅದಕ್ಕಿಂತ ಹೆಚ್ಚು. ಹೋಯಿತು ನನ್ನ ಮಿಕ್ಸಿ!

"ಭೇಷ್! ಬರೀ ಹಣ್ಣಿನ ಹಿಪ್ಪೆ ಹಾಕಿದ್ರೆ ಹೊಟ್ಟೆ ಕೆಡ್ತಿತ್ತು. ಮೊಲಕ್ಕೆ ನಾರು ಬೇಕು ಅಂತ ಒಣಹುಲ್ಲು ಬೆರೆಸಿದೀರಲ್ಲ, ಯಾರ ಐಡಿಯಾ ಇದು?"

ಇವರು ಗೂಡಿನೊಳಗಿನ ಹುಲ್ಲನ್ನು ಅಂದೇ ಮೊದಲು ನೋಡಿದ್ದು. ಒಂದು ಕ್ಷಣ ಪಿಳಿಪಿಳಿ ಕಣ್ಣು ಬಿಟ್ಟರು. ಆಮೇಲೆ ಎದೆ ಉಬ್ಬಿಸಿ, "ನಂದೇ ಸಾರ್. ತುಂಬ ಯೋಚನೆ ಮಾಡಿ ಹಾಕಿದ್ದು" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮಿಕ್ಸಿ ಹೋದರೆ ಹೋಗಲಿ, ಇದನ್ನು ಹೇಗೆ ಸಹಿಸಲಿ?

"ಸುಳ್ಳು! ಹುಲ್ಲು ತಂದಿದ್ದು ನಾನು, ಬೆರೆಸಿದ್ದು ನಾನು! ಇವರಿಗೆ ಏನೂ ಗೊತ್ತೇ ಇಲ್ಲ!"

"ಓಹೋ, ನೀವಾ? ಹಾಗಾದ್ರೆ ಇನ್ಮೇಲೆ ಮೇವಿನ ಜವಾಬ್ದಾರಿ ಪೂರ್ತಿ ನಿಮಗೇ ಇರ್ಲಿ ಅಮ್ಮ. ಇನ್ನೂ ಮೂವತ್ತು ಮರಿ ಕಳಿಸ್ತೀನಿ."

"ಧಾರಾಳವಾಗಿ ಕಳಿಸಿ ಸಾರ್" ಎಂದರು ಇವರು, ನನ್ನನ್ನೇ ನೋಡಿ ನಗುತ್ತ. "ಇವಳ ಕೈಗುಣಾನೇ ಹಾಗೆ."

ಈಗ ದಿನಾ ಬೆಳಿಗ್ಗೆ ಐದಕ್ಕೇ ಎದ್ದು ಹಿಪ್ಪೆ ಪುಡಿ ಮಾಡುತ್ತೇನೆ. ಮಿಕ್ಸಿ ಮಾತ್ರ ಪೂರ್ತಿ ನನ್ನದೇ. ಇವರು ಅದರ ಹತ್ತಿರವೂ ಸುಳಿಯುವುದಿಲ್ಲ.