ಏಳು ಹೊಸ ಹಗ್ಗ

ಮೂರು ಎಂದು ಬರೆದಿದ್ದರೆ ಸಾಕಾಗುತ್ತಿರಲಿಲ್ಲವೆ? ಏಳು ಯಾಕೆ ಬರೆದೆ? ಮೂರಾಗಿದ್ದರೆ ಒಂದು ಮೇಯಲು ಹೋಗಿದೆ, ಒಂದನ್ನು ಡಾಕ್ಟರ ಹತ್ತಿರ ಹೊಡೆದುಕೊಂಡು ಹೋಗಿದ್ದಾರೆ, ಇನ್ನೊಂದು ಈಗತಾನೆ ಇಲ್ಲೇ ಇತ್ತು ಎನ್ನಬಹುದಿತ್ತು. ಏಳು ಹಸುಗಳು ಒಟ್ಟಿಗೆ ಎಲ್ಲಿಗೆ ಹೋಗುತ್ತವೆ? ಮದುವೆಗೆ ಹೋಗಿವೆ ಎನ್ನಲೆ?

ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಬಿಟ್ಟುಕೊಂಡು ವಕ್ಕಲೇರಿಯ ಚಂದ್ರಮೋಹನ್ ಹಿತ್ತಲ ಬಾಗಿಲಲ್ಲಿ ಕೂತಿದ್ದ. ಎದುರಿಗೆ ಅವನ ತಾತನ ಕಾಲದ ಕೊಟ್ಟಿಗೆ. ಅದರಲ್ಲಿ ಸೌದೆ, ಒಡೆದ ಸಿಂಟೆಕ್ಸ್ ಟ್ಯಾಂಕು ಮತ್ತು ಸ್ಟಾರ್ಟ್ ಆಗದ ಒಂದು ಸ್ಕೂಟರ್ ಇದ್ದವು. ಹಸು ಒಂದೂ ಇರಲಿಲ್ಲ. ಇಪ್ಪತ್ತು ವರ್ಷಗಳಿಂದ ಇರಲಿಲ್ಲ. ಅವನ ತಾಯಿ ಅಶ್ವತ್ಥಮ್ಮನಿಗೆ ಹಸು ಕಂಡರೆ ಭಯ.

ಮದುವೆ ಬ್ರೋಕರ್ ಕದಿರೇಶ್ ಆಗಷ್ಟೇ ಫೋನಿಟ್ಟಿದ್ದ. "ಶ್ರೀನಿವಾಸಪುರದ ಕೋದಂಡರಾಮಪ್ಪನೋರು ಹನ್ನೊಂದಕ್ಕೆ ಬರ್ತಾವ್ರಪ್ಪ. ಮಗಳೂ ಬರ್ತಾಳಂತೆ. ನಿನ್ನ ಪೇಜು ಅವ್ರು ದಿನಾ ಓದ್ತಾರಂತೆ ಕಣೋ! ಮೊದ್ಲು ಏಳು ಹಸೂನೂ ಕಣ್ಣಾರೆ ನೋಡ್ಬೇಕಂತೆ. ಮದ್ವೆ ಮಾತು ಆಮೇಲಂತೆ."

ಆ ಪೇಜಿನ ಹೆಸರೇ 'ಏಳು ಹಸುವಿನ ಮನೆ'. ಎಂ.ಎ. ಮುಗಿಸಿ, ಮಾತಾಡುವ ಕೆಲಸ ಯಾವುದೂ ಒಗ್ಗದೆ, ಚಂದ್ರಮೋಹನ್ ಮೂರು ವರ್ಷದ ಹಿಂದೆ ಅದನ್ನು ಶುರುಮಾಡಿದ್ದ. ಕೊಟ್ಟಿಗೆಗೆ ಬೇಕಾದ ರಬ್ಬರ್ ಮ್ಯಾಟು, ಫ್ಯಾನು, ಹಾಲು ಕರೆಯುವ ಮಿಷನ್ನು, ಮೈ ತಿಕ್ಕುವ ಬ್ರಷ್ಷು, ಇವುಗಳ ಬಗ್ಗೆ ಬರೆಯುವುದು. ಕೆಳಗೆ ಒಂದು ಲಿಂಕ್ ಹಾಕುವುದು. ಓದಿದವರು ಆ ಲಿಂಕ್ ಒತ್ತಿ ಕೊಂಡರೆ ಮಾರುವ ಕಂಪನಿ ಅವನಿಗೆ ಕಮಿಷನ್ ಕಳಿಸುತ್ತಿತ್ತು. ಬರೇ ಮ್ಯಾಟಿನ ಅಳತೆ ಬರೆದರೆ ಯಾರೂ ಒತ್ತಲಿಲ್ಲ. 'ನಮ್ಮ ಗೌರಿ ಈ ಮ್ಯಾಟಿನ ಮೇಲೆ ಮಗುವಿನಂತೆ ಮಲಗುತ್ತಾಳೆ' ಎಂದು ಬರೆದ ದಿನ ಹನ್ನೊಂದು ಮಂದಿ ಒತ್ತಿದರು. ಆಮೇಲೆ ಗೌರಿಗೆ ತಂಗಿಯರು ಹುಟ್ಟುತ್ತಾ ಹೋದರು. ಈಗ ಅದು ನರಸಾಪುರದ ಕಂಪನಿ ಸಂಬಳಕ್ಕೆ ಕಮ್ಮಿಯಿಲ್ಲದ ಆದಾಯ.

ಆದರೆ ಹುಡುಗ ಏನು ಮಾಡ್ತಾನೆ ಎಂದು ಕೇಳಿದವರಿಗೆ ಅಶ್ವತ್ಥಮ್ಮ, "ಫೋನಲ್ಲಿ ಏನೋ ಮಾಡ್ತಾನೆ" ಎನ್ನುತ್ತಿದ್ದಳು. ಬಂದವರು ಕಾಫಿ ಕುಡಿದು ಎದ್ದುಹೋಗುತ್ತಿದ್ದರು. ಹಾಗೆ ಎದ್ದುಹೋದ ಸಂಬಂಧಗಳು ಎಂಟು. ಅವನಿಗೆ ಮೂವತ್ತನಾಲ್ಕಾಗಿತ್ತು. ಒಂಬತ್ತನೆಯವಳು ಈ ಮೇಘನ. ಹೋದ ವಾರ ಫೋನಿನಲ್ಲಿ ಒಂದೇ ಸಲ ಮಾತಾಡಿದ್ದಳು. "ನೀವು ಬರೆಯೋದು ಓದಿದೀನಿ. ನಗು ಬರುತ್ತೆ" ಎಂದಿದ್ದಳು. ಅದು ಹೊಗಳಿಕೆಯೋ ಏನೋ ಎಂದು ಅವನು ನಾಲ್ಕು ದಿನ ಯೋಚಿಸಿದ್ದ. ಎಂಟು ಸಂಬಂಧಗಳು ಹೋದಾಗ ಅವನಿಗೆ ಏನೂ ಅನಿಸಿರಲಿಲ್ಲ. ಇದು ಹೋಗಬಾರದು ಅನಿಸುತ್ತಿತ್ತು.

"ನಿಜ ಹೇಳ್ಬಿಡ್ತೀನಮ್ಮ" ಎಂದ, ಬ್ರಷ್ ತೆಗೆದು.

"ಏನಂತ ಹೇಳ್ತೀಯ? ಹಸು ಇಲ್ಲ, ಬರೀ ಹೆಸರು ಐತೆ ಅಂತಲಾ?" ಎಂದು ಅಶ್ವತ್ಥಮ್ಮ ಜೋರಾಗಿಯೇ ಅಂದಳು. ಅದು ತಪ್ಪಾಯಿತು. ಪಕ್ಕದ ಮನೆಯ ಗೋಡೆಯ ಮೇಲೆ ಶೋಭಾರಾಣಿಯ ತಲೆ ಮೂಡಿತು.

"ಯಾರಕ್ಕ ಬರ್ತಿರೋದು? ಹುಡುಗಿ ಕಡೆಯೋರಾ?"

ಹಾಲಿನ ಡೈರಿಯಿಂದ ಒಂದು ಸುದ್ದಿ ಹೊರಡಲು ಕ್ಯಾನು ತೊಳೆಯುವಷ್ಟು ಹೊತ್ತೂ ಬೇಡ. ಶೋಭಾರಾಣಿ ಡೈರಿಗೆ ಹೋಗಿ ಬಂದಳು. ಅವಳ ಹಿಂದೆಯೇ ಡೈರಿ ಸೆಕ್ರೆಟರಿ ಗಂಗುಲಪ್ಪ ಬಂದ. ಊರಿನಲ್ಲಿ ಯಾರ ಹಸು ಎಷ್ಟು ಹಾಲು ಕೊಡುತ್ತದೆ, ಯಾರು ಎಷ್ಟು ನೀರು ಸೇರಿಸುತ್ತಾರೆ, ಎರಡೂ ಬಲ್ಲವನು.

"ಏಂ ಕಾದು ಬಿಡ್ರಾ, ಏನೂ ಆಗಲ್ಲ. ಏಳು ಹಸು ತಾನೆ? ಏನೋ ಆನೆ ಕೇಳಿದಂಗೆ ಮುಖ ಮಾಡ್ಕೊಂಡಿದೀಯಲ್ಲೋ. ಬೆಳಗ್ಗೆ ಕರೆದಾಯ್ತು, ಇನ್ನು ಸಾಯಂಕಾಲದವರೆಗೂ ಅವು ಖಾಲಿ. ನಂದು ಎರಡು ತಗೋ. ಶೋಭಾ, ನಿಂದು ಎರಡು. ಮಿಕ್ಕ ಮೂರು ಬೀದೀಲಿ ಯಾರಾದ್ರೂ ಕೊಡ್ತಾರೆ."

"ಬೇಡ ಮಾವ, ನಾನೇ ಹೇಳ್ತೀನಿ..."

"ನಿಜ ಹೇಳಿಹೇಳಿಯೇ ಎಂಟು ಹೋಯ್ತು. ಇವತ್ತು ಬಾಯಿ ಮುಚ್ಕೊಂಡು ನಿಂತ್ಕೋ. ಮಾತು ನಮಗೆ ಬಿಡು."

ಬಾಯಿ ಮುಚ್ಚಿಕೊಂಡಿರುವುದು ಚಂದ್ರಮೋಹನನಿಗೆ ಚೆನ್ನಾಗಿ ಬರುತ್ತಿದ್ದ ಒಂದೇ ಕೆಲಸ. ಅವನು ಒಪ್ಪಿಕೊಂಡ.

ಒಂಬತ್ತರ ಹೊತ್ತಿಗೆ ಸ್ಕೂಟರು ಟ್ಯಾಂಕಿನೊಳಗೆ, ಟ್ಯಾಂಕು ಹುಲ್ಲಿನೊಳಗೆ ಅಡಗಿದವು. ಹಸುಗಳು ಬಂದವು. ಆದರೆ ಒಂದು ತೊಡಕು ಹುಟ್ಟಿತು. ಹಸು ಬೇರೆ ಮನೆಗೆ ಹೋದರೆ ಹಗ್ಗ ಮನೆಯಲ್ಲೇ ಉಳಿಯಬೇಕು, ಹಗ್ಗ ಹೋದರೆ ಮನೆಯ ಲಕ್ಷ್ಮಿಯೂ ಅದರ ಹಿಂದೆಯೇ ಹೋಗುತ್ತಾಳೆ. ಮಾರಿದರೂ ಅಷ್ಟೇ, ಎರವಲು ಕೊಟ್ಟರೂ ಅಷ್ಟೇ.

"ಹಸು ಬೇಕಾದ್ರೆ ನೀನೇ ಇಟ್ಕೋಳಪ್ಪ. ಹಗ್ಗ ಮಾತ್ರ ಕೇಳ್ಬೇಡ" ಎಂದಳು ಶೋಭಾರಾಣಿ. ಎಲ್ಲರೂ ಹಾಗೇ ಅಂದರು. ಸೊಸೈಟಿ ಅಂಗಡಿಯಿಂದ ಏಳು ಹೊಸ ನೈಲಾನ್ ಹಗ್ಗ ತಂದದ್ದಾಯಿತು. ಇದ್ದದ್ದು ಒಂದೇ ಬಣ್ಣ, ಬಿಸಿಲಿಗೆ ಕಣ್ಣು ಚುಚ್ಚುವಂಥ ಹಳದಿ. ಸಾಲಾಗಿ ಕಟ್ಟಿದಾಗ ಹಸುಗಳು ಶಾಲೆಯ ವಾರ್ಷಿಕೋತ್ಸವಕ್ಕೆ ನಿಲ್ಲಿಸಿದ ಮಕ್ಕಳ ಹಾಗೆ ಕಂಡವು.

ಇನ್ನು ಮ್ಯಾಟು. ಟೈರ್ ಪಂಕ್ಚರ್ ಅಂಗಡಿಯ ಲಿಯಾಖತ್ ತನ್ನ ಗೂಡ್ಸ್ ಆಟೋದಲ್ಲಿ ರಬ್ಬರ್ ಹಾಳೆಗಳನ್ನು ತಂದು ಇಳಿಸಿದ. ನರಸಾಪುರದ ಯಾವುದೋ ಫ್ಯಾಕ್ಟರಿಯ ಗುಜರಿಯಲ್ಲಿ ಹಿಡಿದದ್ದು. ಪ್ರತಿಯೊಂದರ ಮೇಲೂ ಕೆಂಪಕ್ಷರದಲ್ಲಿ 'ಇಲ್ಲಿ ನಿಲ್ಲಬಾರದು' ಎಂದು ಬರೆದಿತ್ತು.

"ಭಾಯ್, ಇದರ ಮೇಲೆ ಏನೋ ಬರೆದಿದೆಯಲ್ಲ?" ಎಂದ ಚಂದ್ರಮೋಹನ್.

"ಟೆನ್ಶನ್ ನಕ್ಕೊ ಮೋಹನ್. ಹಸು ಓದ್ತದಾ? ಮೇಲೆ ನಿಂತ್ರೆ ಅಕ್ಷರ ಮುಚ್ಕೊಂತದೆ."

ಹಸುಗಳು ಓದಲಿಲ್ಲ. ಆದರೂ ಏಕೋ ಎಲ್ಲವೂ ಅಕ್ಷರ ಬಿಟ್ಟು ಪಕ್ಕಕ್ಕೇ ನಿಂತವು.

ಹನ್ನೊಂದಕ್ಕೆ ಕಾರು ಬಂತು. ಕೋದಂಡರಾಮಪ್ಪ ದಪ್ಪ ಮೀಸೆಯ, ಮೆಲ್ಲಗೆ ಮಾತಾಡುವ ಮನುಷ್ಯ. ಹಿಂದೆ ಇಳಿದ ಮೇಘನ ಮನೆಯನ್ನು, ಬಾಗಿಲಲ್ಲಿ ನಿಂತ ಅಶ್ವತ್ಥಮ್ಮನನ್ನು, ಚಂದ್ರಮೋಹನನನ್ನು ನೋಡಿ ಸಣ್ಣಗೆ ನಕ್ಕಳು. ಆಮೇಲೆ ಹಿತ್ತಲಿನಿಂದ ಒಂದು ಹಸು ಅಂಬಾ ಎಂದಿತು. ಅವಳ ನಗು ಅರ್ಧಕ್ಕೆ ನಿಂತಿತು. ಅದನ್ನು ಅವನು ಕಂಡ. ಅರ್ಥ ಮಾತ್ರ ಆಗಲಿಲ್ಲ.

"ಕಾಫಿ ಆಮೇಲೆ. ಮೊದ್ಲು ಮಕ್ಕಳನ್ನ ನೋಡೋಣ" ಎಂದು ಕೋದಂಡರಾಮಪ್ಪ ನೇರ ಕೊಟ್ಟಿಗೆಗೆ ನಡೆದರು. "ನೀವು ಬರ್ದಿದ್ದು ಓದಿ ಹದಿನೈದು ಮ್ಯಾಟ್ ತರಿಸಿದೆನಪ್ಪ. ಅರೆ, ಇದೇನು, ಈ ಮ್ಯಾಟು ಬೇರೆ ಇದೆಯಲ್ಲ? ಇಲ್ಲಿ ನಿಲ್ಲಬಾರದು ಅಂತ ಬರ್ದಿದೆ?"

ಚಂದ್ರಮೋಹನ್ ಬಾಯಿ ತೆರೆದ. ಅಷ್ಟರಲ್ಲಿ ಗಂಗುಲಪ್ಪ ಮುಂದೆ ಬಂದ. "ಹೊಸ ಮಾಡೆಲ್ಲು ಸಾರ್. ಕಂಪನಿಯೋರು ಟೆಸ್ಟಿಂಗ್‌ಗೆ ಅಂತ ಇವ್ನಿಗೇ ಮೊದ್ಲು ಕಳಿಸ್ತಾರೆ. ಅದು ನಮಗೆ ಬರ್ದಿರೋದು, ಮನುಷ್ಯರು ನಿಲ್ಲಬಾರ್ದು ಅಂತ. ಹಸುಗೆ ಅಷ್ಟು ಮರ್ಯಾದೆ."

"ಭೇಷ್" ಎಂದು ಕೋದಂಡರಾಮಪ್ಪ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. "ಹಗ್ಗ ಎಲ್ಲಾ ಹೊಸದು?"

"ತಿಂಗ್ಳಿಗೊಂದ್ಸಲ ಬದಲಾಯಿಸ್ತಾನೆ ಸಾರ್. ಕೊರಳು ಉಜ್ಜಬಾರ್ದಲ್ಲ. ಹೆಣ್ಣುಮಗು ಥರ ಸಾಕ್ತಾನೆ."

"ಇದರಲ್ಲಿ ಗೌರಿ ಯಾವುದು? ಹೆಸರು ಕರೆದ್ರೆ ಬರ್ತಾಳೆ ಅಂತ ಬರ್ದಿದ್ರಿ. ಹಗ್ಗ ಬಿಚ್ಚಿ ಕರೀರಿ, ನೋಡೋಣ."

ಏಳಕ್ಕೂ ಹಗ್ಗ ಬಿಚ್ಚಿದರು. ಚಂದ್ರಮೋಹನ್ ಹತ್ತು ಹೆಜ್ಜೆ ದೂರ ನಿಂತು, "ಗೌರೀ" ಎಂದ. ಮದುವೆ ಮನೆಯಲ್ಲಿ ಗುರುತಿಲ್ಲದವರನ್ನು ಕರೆದ ಹಾಗಿತ್ತು ಆ ದನಿ. ಹಸುಗಳು ಮೆಲುಕು ಹಾಕಿದವು. ಮತ್ತೆ ಕರೆದ. ಒಂದು ಸಗಣಿ ಹಾಕಿತು. ಕೋದಂಡರಾಮಪ್ಪ ಮೀಸೆ ಮುಟ್ಟಿಕೊಂಡರು.

ಆಗ ಅವನ ಬೆನ್ನ ಹಿಂದಿನ ಗೋಡೆಯಾಚೆ ಶೋಭಾರಾಣಿ ಬೂಸಾ ಬಕೆಟ್ಟನ್ನು ಒಮ್ಮೆ ಅಲುಗಾಡಿಸಿದಳು. ಏಳೂ ಹಸುಗಳು ಒಟ್ಟಿಗೆ ತಲೆಯೆತ್ತಿ, ಬಸ್ಸು ಹಿಡಿಯುವವರಂತೆ ನುಗ್ಗಿ ಬಂದವು. ಅಶ್ವತ್ಥಮ್ಮ "ಅಯ್ಯಯ್ಯೋ" ಎಂದು ಒಳಗೋಡಿ ಬಾಗಿಲು ಹಾಕಿಕೊಂಡಳು. ಗೋಡೆಗೂ ಹಸುಗಳಿಗೂ ನಡುವೆ ಚಂದ್ರಮೋಹನ್ ಅಪ್ಪಚ್ಚಿಯಾದ. ಒಂದು ಅವನ ಅಂಗಿಯ ತೋಳನ್ನು ಬಾಯಿಗೆ ಹಾಕಿಕೊಂಡಿತು.

"ಒಬ್ಬಳನ್ನ ಕರೆದ್ರೆ ಏಳೂ ಬರ್ತವಲ್ಲಪ್ಪ!" ಕೋದಂಡರಾಮಪ್ಪನವರ ಕಣ್ಣು ಒದ್ದೆಯಾಗಿತ್ತು. "ನಮ್ಮನೇಲಿ ಹದಿನೈದಿವೆ. ಒಂದಾದ್ರೂ ನನ್ನ ಮುಖ ನೋಡಲ್ಲ."

"ಮತ್ತೆ ಅಮ್ಮ ಯಾಕೆ ಓಡಿದ್ರು?" ಎಂದಳು ಮೇಘನ. ಬಂದಮೇಲೆ ಅವಳಾಡಿದ ಮೊದಲ ಮಾತು.

"ಕಾಫಿಗೆ ಹಾಲಿಟ್ಟಿದ್ರು, ಉಕ್ಕಿರ್ಬೇಕು" ಎಂದ ಗಂಗುಲಪ್ಪ. ಆಮೇಲೆ ಕೋದಂಡರಾಮಪ್ಪನವರ ಕೈ ಹಿಡಿದು, "ಬನ್ನಿ ಸಾರ್, ಹುಲ್ಲು ನೋಡೋರಂತೆ. ಮಕ್ಳು ಮಾತಾಡ್ಕೊಳ್ಳಿ" ಎಂದು ಆಚೆ ಕರೆದುಕೊಂಡು ಹೋದ.

ಇಬ್ಬರೇ ಉಳಿದರು, ಗೋಡೆಯ ಮೇಲಿನ ಶೋಭಾರಾಣಿಯ ತಲೆಯನ್ನು ಬಿಟ್ಟರೆ. ಮೇಘನ ಒಂದು ಹಳದಿ ಹಗ್ಗವನ್ನು ಎತ್ತಿ ಬೆರಳಿಗೆ ಸುತ್ತಿಕೊಂಡಳು. ಅದರ ತುದಿಯಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಹಗ್ಗ ಹೊಸದು" ಎಂದಳು ಮೆಲ್ಲಗೆ. "ನಮ್ಮೂರಲ್ಲೂ ಹಸು ಕೊಟ್ರೂ ಹಗ್ಗ ಕೊಡಲ್ಲ. ನಿಜ ಹೇಳಿ, ನಾನೇನೂ ಅಂದ್ಕೊಳ್ಳಲ್ಲ. ಇವು ನಿಮ್ಮವಾ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಒಂದು ಥರದ ಆಸೆಯಿತ್ತು. ಅದು ಯಾವುದರ ಆಸೆ ಎಂದು ಅವನು ತಪ್ಪು ತಿಳಿದ. ಏಳು ಹಸುಗಳನ್ನು ನಂಬಿ ಅಷ್ಟು ದೂರದಿಂದ ಬಂದವಳಿಗೆ, ಬೆಳಗಿನಿಂದ ಇಷ್ಟು ಜನ ಒದ್ದಾಡಿದ ಮೇಲೆ, ಒಂದೂ ನನ್ನದಲ್ಲ ಎಂದು ಹೇಗೆ ಹೇಳುವುದು? ಅಲ್ಲಿಯವರೆಗೆ ಎಲ್ಲ ಸುಳ್ಳುಗಳನ್ನೂ ಬೇರೆಯವರೇ ಹೇಳಿದ್ದರು. ಇದೊಂದನ್ನು ಅವನೇ ಹೇಳಿದ.

"ನಮ್ಮವೇ. ಇಲ್ಲೇ ಹುಟ್ಟಿದವು."

ಗೋಡೆಯ ಮೇಲಿನ ತಲೆ ಮೆಚ್ಚಿ ತೂಗಿ, ಕೆಲಸ ಮುಗಿಯಿತೆಂದು ಇಳಿದುಹೋಯಿತು. ಮೇಘನ ಹಗ್ಗವನ್ನು ಕೆಳಗಿಟ್ಟಳು.

"ಎಂಟನೇ ಕ್ಲಾಸಿಂದ ಬೆಳಗಿನ ಜಾವ ನಾಲ್ಕಕ್ಕೆ ಏಳ್ತಿದೀನಿ ನಾನು. ಸಗಣಿ ಬಾಚಿ, ಹಾಲು ಕರೆದು, ಆಮೇಲೆ ಕಾಲೇಜು. ಹಸು ಇಲ್ಲದ ಮನೆ ಬೇಕು ಅಂತ ಮೂರು ವರ್ಷದಿಂದ ಹುಡುಕ್ತಿದೀನಿ. ನೀವೊಂದ್ಸಲ, 'ಎಂಟಕ್ಕೆ ಎದ್ದು ಹಾಲು ಕರೆದೆ' ಅಂತ ಬರ್ದಿದ್ರಿ. ನಕ್ಕೂ ನಕ್ಕೂ ಸಾಕಾಯ್ತು. ಇವ್ನ ಹತ್ರ ಒಂದು ಹಸುವೂ ಇಲ್ಲ ಅಂತ ಅವತ್ತೇ ಅಂದ್ಕೊಂಡೆ. ಅದಕ್ಕೇ ಕದಿರೇಶಣ್ಣಂಗೆ ಹೂಂ ಅಂದಿದ್ದು."

ಚಂದ್ರಮೋಹನನ ಕಿವಿಯಲ್ಲಿ ಹಾಲು ಕರೆಯುವ ಮಿಷನ್ ಆನ್ ಆದ ಹಾಗಾಯಿತು.

"ನಾನೂ ಬರೀತೀನಿ" ಎಂದಳು ಅವಳು. "ಮಿಕ್ಸಿ ಬಗ್ಗೆ. ಹನ್ನೆರಡು ಮಿಕ್ಸಿ ಬಳಸಿ ನೋಡಿದೀನಿ ಅಂತ ಬರ್ದಿದೀನಿ. ನಮ್ಮನೇಲಿರೋದು ಒಂದೇ, ಅದೂ ಕೆಟ್ಟು ವರ್ಷವಾಯ್ತು. ಇಬ್ರೂ ಒಂದೇ ಥರ ಅಂತ... ಹೋಗ್ಲಿ ಬಿಡಿ. ನಿಮ್ಮದು ನಿಜವಾಗ್ಲೂ ಇದೆಯಲ್ಲ."

"ಮೇಘನ, ಇವು..." ಎಂದು ಅವನು ಶುರುಮಾಡಿದ.

ಅಷ್ಟರಲ್ಲಿ ಕೋದಂಡರಾಮಪ್ಪ ಹಿಂತಿರುಗಿ ಬಂದು ಅವನ ಎರಡೂ ಭುಜ ಹಿಡಿದುಕೊಂಡರು. "ಕಾಲ ಕೆಟ್ಟಿದೆಯಪ್ಪ. ಫೋನಲ್ಲಿ ಬರೋದೆಲ್ಲ ಸುಳ್ಳು ಅಂತಾರೆ. ನೀನು ಬರೆದಿದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ನಂಗೆ ಹಿಡಿಸಿದ್ದು ಅದೊಂದೇ. ಸುಳ್ಳು ಹೇಳೋನಿಗೆ ಮಾತ್ರ ನನ್ನ ಮಗಳನ್ನ ಕೊಡಲ್ಲ ಅಂತ ನಮ್ಮ ದೇವರ ಮುಂದೆ ಆಣೆ ಮಾಡಿದ್ದೆ."

ಹಿಂದೆ ಗಂಗುಲಪ್ಪ ನಿಂತಿದ್ದ. ಅವನ ಹಿಂದೆ ಲಿಯಾಖತ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಚಂದ್ರಮೋಹನ್ ಅಪ್ಪನನ್ನು ನೋಡಿದ, ಮಗಳನ್ನು ನೋಡಿದ. ಹಸು ಇದೆ ಎಂದರೆ ಅವಳು ಬರುವುದಿಲ್ಲ. ಇಲ್ಲ ಎಂದರೆ ಅವರು ಕಳಿಸುವುದಿಲ್ಲ. ಅವನು ತೆರೆದ ಬಾಯನ್ನು ಮುಚ್ಚಿದ. ಹಸು ಅವನ ಅಂಗಿಯ ತೋಳನ್ನು ಇನ್ನೊಂದು ಸ್ವಲ್ಪ ತಿಂದಿತು.

ಕಾಫಿಯಾಯಿತು. ಕಾರು ಹೋಯಿತು. ಹತ್ತುವ ಮುಂಚೆ ಮೇಘನ ಒಮ್ಮೆ ತಿರುಗಿ ನೋಡಿದಳು. ಅವನು ಕೈಯಲ್ಲಿ ಹಳದಿ ಹಗ್ಗ ಹಿಡಿದು ನಿಂತಿದ್ದ.

ಸಂಜೆ ಹಾಲು ಕರೆಯುವ ಹೊತ್ತಿಗೆ ಹಸುಗಳು ಯಾರನ್ನೂ ಕಾಯದೆ ತಮ್ಮ ತಮ್ಮ ಮನೆಯ ದಾರಿ ಹಿಡಿದವು. ಹಗ್ಗಗಳು ಮಾತ್ರ ಅವನ ಹತ್ತಿರವೇ ಉಳಿದವು. ಕದಿರೇಶನ ಫೋನು ಬಂದಾಗ ಎಲ್ಲರೂ ಜಗಲಿಯ ಮೇಲೆ ಕೂತಿದ್ದರು. ಗಂಗುಲಪ್ಪನೇ ಸ್ಪೀಕರ್ ಒತ್ತಿದ.

"ಅಪ್ಪಂಗೆ ಪೂರ್ತಿ ಒಪ್ಪಿಗೆ ಕಣೋ. ಹುಡುಗಿ ಮಾತ್ರ ಬೇಡ ಅಂದ್ಳಂತೆ. ಕಾರಣ ಕೇಳಿದ್ರೆ, ಹಸು ನೋಡಿದೆ, ಸಾಕು ಅಂದ್ಳಂತೆ."

ಅಶ್ವತ್ಥಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಗಂಗುಲಪ್ಪ ತೊಡೆ ತಟ್ಟಿದ.

"ತಪ್ಪು ನಂದೇ. ಹದಿನೈದು ಹಸು ಇರೋ ಮನೆ ಹುಡುಗಿ, ಏಳು ಅವಳ ಕಣ್ಣಿಗೆ ಎಲ್ಲಿ ಕಾಣ್ತದೆ? ಮುಂದಿನ ಸಲ ಇಪ್ಪತ್ತು ಕಟ್ಟೋಣ ಬಿಡು."

"ಹಗ್ಗ ಹೆಂಗೂ ಏಳು ಇದಾವೆ" ಎಂದಳು ಶೋಭಾರಾಣಿ. "ಇನ್ನು ಹದಿಮೂರು ತಂದ್ರಾಯ್ತು."

"ಮ್ಯಾಟ್ ನಂದು" ಎಂದ ಲಿಯಾಖತ್.

ಅವರೆಲ್ಲ ಹೋದಮೇಲೆ ಚಂದ್ರಮೋಹನ್ ಫೋನ್ ತೆಗೆದ. ಮೇಘನಳ ಮಿಕ್ಸಿ ಪೇಜನ್ನು ಹುಡುಕಿ ಹನ್ನೆರಡನ್ನೂ ಓದಿದ. ಹನ್ನೆರಡನೆಯದರಲ್ಲಿ, 'ಶಬ್ದವೇ ಇಲ್ಲ, ಮನೆಯಲ್ಲಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ' ಎಂದು ಬರೆದಿದ್ದಳು. ಅವನಿಗೆ ನಗು ಬಂತು. ಅದರ ಲಿಂಕ್ ಒತ್ತಿ ಆ ಮಿಕ್ಸಿಯನ್ನು ಕೊಂಡುಕೊಂಡ. ಕೆಳಗೆ ಅಭಿಪ್ರಾಯ ಬರೆಯಲು ಜಾಗವಿತ್ತು. ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತು, ಕೊನೆಗೆ 'ಚೆನ್ನಾಗಿದೆ' ಎಂದಷ್ಟೇ ಬರೆದ.

ಹಸುಗಳು ತನ್ನವಲ್ಲ ಎಂದು ಅವನು ಅವಳಿಗೆ ಹೇಳಲೇ ಇಲ್ಲ.